ಹಗಲು ಪುಕ್ಕಟೆ, ರಾತ್ರಿಗೆ ದುಡ್ಡು

ಮಳೆಗಾಲದ ತಿರುಗಾಟಕ್ಕೆ ಗಂಟಿನಲ್ಲಿ ಏನೇನಿರಬೇಕು ಅಂತ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಜೊತೆ ಬಟ್ಟೆ, ಒಣಹಾಕಲು ಒಂದು ಹಗ್ಗ. ರೊಟ್ಟಿ ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿರಲಿ, ತೇವ ಹಿಡಿದರೆ ಮೆತ್ತಗಾಗುತ್ತದೆ. ಮಾತು ಮುಗಿಯಿತು. ಇದಕ್ಕಿಂತ ಮುಖ್ಯವಾದದ್ದೊಂದು ತಲೆಯಲ್ಲಿ ಕೊರೆಯುತ್ತಿದೆ.

ನೌಕರಿ ಬಿಸಾಕಿ ಊರೂರು ಸುತ್ತಿ ಎಂದು ಉಪದೇಶ ಮಾಡುವವರ ಮೇಲೆ ನನಗಿರುವ ಹಳೇ ಸಿಟ್ಟು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ದಿನಕ್ಕೆ ಇಷ್ಟೇ ರೂಪಾಯಿಯಲ್ಲಿ ವರ್ಷವಿಡೀ ತಿರುಗಿದೆ ಅಂತ ಪಟ್ಟಿ ತೋರಿಸುತ್ತಾರೆ. ಚಹಾದ ಲೆಕ್ಕವೂ ಅದರಲ್ಲಿರುತ್ತದೆ. ಬೆಂಗಳೂರಿನ ಫ್ಲ್ಯಾಟಿನಿಂದ ತಿಂಗಳು ತಿಂಗಳು ಬೀಳುವ ಬಾಡಿಗೆಯ ಲೆಕ್ಕ ಮಾತ್ರ ಇರುವುದಿಲ್ಲ. ಹೊಸ ಊರು ಸೇರಿದ ಮೂರನೇ ದಿನವೇ ಗಂಟು ಕಟ್ಟುವ ಇವರು, ಉಳಿತಾಯವೆಲ್ಲ ಬೆನ್ನ ಮೇಲಿನ ದುಬಾರಿ ಬ್ಯಾಗಿನಲ್ಲಿದೆ ಅಂತ ನಂಬಿದವರು.

ವರ್ಷದ ಬಹುಪಾಲು ಮನೆಯಿಂದ ಹೊರಗೇ ಬದುಕುವವರನ್ನು ನೋಡಬೇಕಿದ್ದರೆ ಮಳಖೇಡಕ್ಕೆ ಬನ್ನಿ. ನಮ್ಮ ಕಡೆ ನೆಲದಡಿ ಸುಣ್ಣದ ಕಲ್ಲು, ಅದರ ಮೇಲೆ ಸಿಮೆಂಟ್ ಕಾರ್ಖಾನೆ. ಮಳಖೇಡ, ಸೇಡಂ, ವಾಡಿ, ಎಲ್ಲ ಕಡೆ ಲೋಡಿಗಾಗಿ ಲಾರಿಗಳ ಸಾಲು. ಆ ಸಾಲಿನ ಸಂದಿಯಲ್ಲಿ ಸಂಜೆ ಹೊತ್ತು ನಡೆದು ನೋಡಿ. ಲಾರಿಯ ಪಕ್ಕಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆ ತೆರೆದಿರುತ್ತದೆ. ಒಳಗೆ ಸ್ಟೋವ್, ಎಣ್ಣೆ ಬಾಟಲಿ, ಉಪ್ಪಿನ ಡಬ್ಬಿ. ಕ್ಲೀನರ್ ಹುಡುಗ ಗಾಳಿಗೆ ಅಡ್ಡವಾಗಿ ತಗಡಿನ ತುಂಡು ನಿಲ್ಲಿಸಿ ಉಳ್ಳಾಗಡ್ಡಿ ಹೆಚ್ಚುತ್ತಿರುತ್ತಾನೆ. ಡ್ರೈವರ್ ಕ್ಯಾಬಿನ್ನಿನಲ್ಲಿ ಕಾಲು ಚಾಚಿರುತ್ತಾನೆ. ಮಲಗುವ ಜಾಗ ಗಾಡಿಯಲ್ಲೇ ಇರುವುದರಿಂದ ಕೋಣೆಯ ಬಾಡಿಗೆ ಅವನ ಲೆಕ್ಕದಲ್ಲಿ ಬರುವುದೇ ಇಲ್ಲ. ಅವನದು ಹೊಟ್ಟೆಪಾಡು, ಖುಷಿಯ ತಿರುಗಾಟವಲ್ಲ, ಒಪ್ಪಿದೆ. ಆದರೆ ದುಡ್ಡು ಎಲ್ಲಿ ಸೋರುತ್ತದೆ ಅನ್ನುವುದು ಉಪದೇಶಕರಿಗಿಂತ ಅವನಿಗೇ ಚೆನ್ನಾಗಿ ಗೊತ್ತು.

ದಾರಿ ಅಗ್ಗ, ರಾತ್ರಿ ತುಟ್ಟಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಪುಕ್ಕಟೆ ಓಡಾಡಬಹುದು. ಚಿಂಚೋಳಿಯ ಅಕ್ಕ ಒಬ್ಬಳು ಚೀಲ ಹೆಗಲಿಗೇರಿಸಿ ಬಸ್ಸು ಬದಲಿಸುತ್ತ ಮೈಸೂರು ಮುಟ್ಟಿದರೂ ಟಿಕೆಟ್ಟಿಗೆ ಒಂದು ಪೈಸೆ ಕೊಡಬೇಕಿಲ್ಲ. ತಿರುಗಾಟಕ್ಕೆ ಇಂಥ ನೆರವು ನನ್ನ ಆಯುಷ್ಯದಲ್ಲಿ ಬೇರೆ ಕಂಡಿಲ್ಲ. ಇಳಿದ ಮೇಲೆ ಕತ್ತಲಾದರೆ? ಲಾಡ್ಜಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ ಜೊತೆಗೆ ಯಾರಿದ್ದಾರೆ ಅಂತ ಕೇಳುತ್ತಾನೆ. ಎಷ್ಟೋ ಯಾತ್ರಾಸ್ಥಳಗಳ ಧರ್ಮಶಾಲೆಗಳಲ್ಲಿ ಕೋಣೆ ಸಿಗುವುದು ಸಂಸಾರಸ್ಥರಿಗೆ ಮಾತ್ರ. ಒಂದೂರಲ್ಲಿ ನನಗೂ ಇದೇ ಆಯಿತು. ಕೌಂಟರಿನ ಹಿಂದೆ ಹಲಗೆಗೆ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು, ಅಂದರೆ ಕೋಣೆ ಖಾಲಿ. 'ಫ್ಯಾಮಿಲಿ ಇದ್ದರೆ ಬರ್ರಿ' ಅಂದರು. ಕಡಿಮೆ ದುಡ್ಡಲ್ಲಿ ತಿರುಗುವವರು ಹೆಚ್ಚಾಗಿ ಒಂಟಿಗಳು. ಕಡಿಮೆ ದುಡ್ಡಿನ ಕೋಣೆ ಒಂಟಿಗಳಿಗಿಲ್ಲ.

ಹಳಬರಿಗೆ ಈ ತೊಡಕು ಗೊತ್ತಿತ್ತು. ಕಾಗಿಣಾ ದಂಡೆಯ ನಮ್ಮ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ ಪುಷ್ಪದಂತನೆಂಬ ಅಪಭ್ರಂಶದ ಕವಿ ಅಲೆದಲೆದು ಇಲ್ಲಿಗೆ ಬಂದ. ಊರ ಹೊರಗಿನ ತೋಪಿನಲ್ಲಿ ದಣಿದು ಕೂತವನನ್ನು ಇಬ್ಬರು ಕಂಡು ಒಳಗೆ ಹೋಗೆಂದರು. ರಾಜರ ಸಹವಾಸ ಬೇಡವೆಂದು ಮೊದಲು ಮುಖ ತಿರುಗಿಸಿದ. ಕಡೆಗೆ ಮೂರನೆಯ ಕೃಷ್ಣನ ಮಂತ್ರಿ ಭರತನ ಮನೆ ಸೇರಿ, 959ರಲ್ಲಿ ಶುರುಮಾಡಿದ ಮಹಾಪುರಾಣವನ್ನು 965ರಲ್ಲಿ ಮುಗಿಸಿದ. ಕಾವ್ಯ ದೊಡ್ಡದು, ಸರಿ. ನನ್ನ ಕಣ್ಣು ಹೋಗುವುದು ಅಷ್ಟು ವರ್ಷ ಅವನಿಗೆ ಬಡಿಸಿದ ಭರತನ ಅಡುಗೆಮನೆಯ ಕಡೆಗೆ. 972ರಲ್ಲಿ ಪರಮಾರ ಸೀಯಕ ಊರನ್ನು ಲೂಟಿ ಮಾಡಿದಾಗ, ಇನ್ನು ನನಗೆ ನೆಲೆ ಎಲ್ಲಿ ಅನ್ನುವ ಅರ್ಥದಲ್ಲಿ ಕವಿ ಮರುಗಿದ್ದೂ ಅದಕ್ಕೇ.

ಹೀಗೆ ಎಲ್ಲರಿಗೂ ಒಬ್ಬ ಭರತ ಸಿಗುವುದಿಲ್ಲ. ಆದ್ದರಿಂದ ನನಗೆ ಪ್ರಿಯವಾದ ಗ್ರಂಥವೆಂದರೆ ಕಾವ್ಯವಲ್ಲ, ಒಂದು ತಾಮ್ರಪಟ. ಚಿಂಚಣಿಯಲ್ಲಿ, ಅಂದರೆ ಈಗಿನ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸಿಕ್ಕಿದ್ದು. ಶಕ 848, ಕ್ರಿ.ಶ. 926, ಮುಮ್ಮಡಿ ಇಂದ್ರನ ಕಾಲದ್ದು. ಅದರಲ್ಲಿ ಬರುವ ಕಥೆ ಇದು. ಮಾನ್ಯಖೇಟದ ದೊರೆ ಇಮ್ಮಡಿ ಕೃಷ್ಣ ಕಡಲ ತೀರದ ಸಂಯಾನ ಮಂಡಲವನ್ನು ಒಬ್ಬ ತಾಜಿಕನಿಗೆ, ಎಂದರೆ ಅರಬನಿಗೆ, ಒಪ್ಪಿಸಿದ್ದ. ಹೆಸರು ಮಹಮ್ಮದ್, ಸಂಸ್ಕೃತ ಬರೆಯುವವರ ಕೈಯಲ್ಲಿ ಮಧುಮತಿಯಾಗಿದ್ದಾನೆ. ಸಂಯಾನವೆಂದರೆ ಇವತ್ತಿನ ಗುಜರಾತಿನ ಸಂಜಾಣ. ಆತ ಎರಡು ಹೊಳೆಗಳಿಗೆ ಪುಕ್ಕಟೆ ದೋಣಿ ಬಿಡಿಸಿದ. ಬಂದುಹೋಗುವವರಿಗೆ ಒಂದು ಸತ್ರ ತೆರೆದ. ಸತ್ರದಲ್ಲಿ ಏನು ಬಡಿಸುತ್ತಿದ್ದರು ಅಂತ ಕೂಡ ಶಾಸನ ಹೇಳುತ್ತದೆ: ಒಳ್ಳೆಯ ಅಕ್ಕಿಯ ಅನ್ನ, ಪಲ್ಯಗಳು, ತುಪ್ಪ. ಅದೇ ಊರಲ್ಲಿ ಅಣ್ಣಯ್ಯನೆಂಬ ಬ್ರಾಹ್ಮಣ ಒಂದು ಮಠ ಕಟ್ಟಿದ್ದ. ಅದಕ್ಕೆ ಹಳ್ಳಿಯೊಂದನ್ನು ದತ್ತಿ ಬಿಟ್ಟವನೂ ಇದೇ ಮಹಮ್ಮದನೇ.

ತುಪ್ಪ! ಹೊಳೆ ದಾಟಿ ಬಂದ ಅಪರಿಚಿತನಿಗೆ ಅನ್ನದ ಮೇಲೆ ತುಪ್ಪ ಬಡಿಸಿದ ಆಡಳಿತಗಾರನ ಮುಂದೆ ನಮ್ಮ ಪ್ರವಾಸೋದ್ಯಮದ ಭಾಷಣಗಳನ್ನೆಲ್ಲ ಇಟ್ಟು ನೋಡಿ. ಇವನ ಕಾಲದ ಹತ್ತಿರಹತ್ತಿರದಲ್ಲೇ, ಸುಮಾರು 915ರಲ್ಲಿ, ಬಾಗ್ದಾದಿನ ಅಲ್ ಮಸೂದಿ ಇದೇ ಪಶ್ಚಿಮ ಕರಾವಳಿಯಲ್ಲಿ ಓಡಾಡಿದ. ಮಳಖೇಡವನ್ನು ಮಾನಕೀರ್ ಎಂದು ಬರೆದ. ಆತ ಜೀವಮಾನವಿಡೀ ತಿರುಗಿ 956ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ. ಅಂಥ ಬದುಕು ಸಾಗಿದ್ದು ಒಬ್ಬನ ಜಿಪುಣತನದಿಂದಲ್ಲ. ದಾರಿಯ ಮೇಲೆ ಯಾರೋ ದೋಣಿಗೂ ಅನ್ನಕ್ಕೂ ಏರ್ಪಾಟು ಮಾಡಿಟ್ಟಿರಬೇಕು.

ಏರ್ಪಾಟಿಗೆ ಎಷ್ಟು ಬೀಳುತ್ತದೆ ಅನ್ನುವುದಕ್ಕೂ ಆ ತಾಮ್ರಪಟವೇ ಲೆಕ್ಕ. ಒಂದು ಹಳ್ಳಿಯ ಉತ್ಪನ್ನ, ಜೊತೆಗೆ ಸ್ವಲ್ಪ ಹೊಲ. ಅದರಲ್ಲಿ ನಡೆಯಬೇಕಾದದ್ದು ದೇವಿಯ ನೈವೇದ್ಯ, ಒಂಬತ್ತು ಜನರ ಊಟ, ಮತ್ತು ಮಠದ ದುರಸ್ತಿ. ನನಗೆ ಬಹಳ ಇಷ್ಟವಾದದ್ದು ಈ ಕೊನೆಯದು. ದುರಸ್ತಿಗೆಂದೇ ದುಡ್ಡು ತೆಗೆದಿಡುವ ಬುದ್ಧಿ ಈಗಿನ ದಾನಿಗಳಿಗೆ ಯಾಕೋ ಬರುತ್ತಿಲ್ಲ. ಹೊಸ ಕೋಣೆ ಕಟ್ಟಿಸಿ ಹೆಸರು ಕೊರೆಸಲು ಜನ ಸಿಗುತ್ತಾರೆ. ಹಳೇ ಕೋಣೆಯ ಚಿಲಕ ಹಾಕಿಸಲು ಒಬ್ಬರೂ ಇಲ್ಲ. ಮೊನ್ನೆ ತಂಗಿದ್ದ ಯಾತ್ರಿ ನಿವಾಸದಲ್ಲಿ ನೆಲಕ್ಕೆ ನಮ್ಮ ಶಹಾಬಾದಿ ಕಲ್ಲು, ಬೇಸಿಗೆಯಲ್ಲೂ ತಣ್ಣಗೆ, ಚಾಪೆ ಹಾಕಿದರೆ ಸಾಕು. ಗೋಡೆಯ ತುಂಬ ದಾನಿಗಳ ಹೆಸರು. ಬಚ್ಚಲಿನ ನಲ್ಲಿ ಮಾತ್ರ ಸೋರುತ್ತ ಬೆಳಗಾಗುವಷ್ಟರಲ್ಲಿ ಟಾಕಿ ಖಾಲಿ ಮಾಡಿತ್ತು. ಹತ್ತು ರೂಪಾಯಿಯ ವಾಷರ್ ಹಾಕಿಸುವ ದಾನಿ ಯಾರಾದರೂ ಇದ್ದರೆ ತಿಳಿಸಿ. ಅವರ ಹೆಸರನ್ನು ಈ ಅಂಕಣದಲ್ಲಿ ನಾನೇ ಕೊರೆಸುತ್ತೇನೆ.