ಪೈಪು ಸುತ್ತಿಡುವ ಕಾಲ

ಆಶ್ವಯುಜದ ಒಂದು ಬೆಳಗ್ಗೆ, ಬಿಸಿಲು ಏರುವ ಮೊದಲು, ಮನೆ ಮುಂದಿನ ಹುಲ್ಲುಹಾಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದರೆ ಎಸಳುಗಳ ಮೇಲೆ ಎರಡು ಬಗೆಯ ನೀರು ಕಾಣುತ್ತದೆ. ಮೈತುಂಬ ತೆಳ್ಳಗೆ ಹಬೆ ಕೂತಂತೆ ಹರಡಿಕೊಂಡಿರುವುದು ಇಬ್ಬನಿ. ಅದು ಗಾಳಿಯಿಂದ ಬಂದದ್ದು. ತುದಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ದುಂಡಗೆ ನಿಂತಿರುವ ಒಂಟಿ ಹನಿ ಸಾಮಾನ್ಯವಾಗಿ ಇಬ್ಬನಿಯಲ್ಲ, ಹುಲ್ಲು ತನ್ನೊಳಗಿನಿಂದ ಹೊರಗೆ ಹಾಕಿದ ನೀರು. ರಾತ್ರಿ ಎಲೆಯ ರಂಧ್ರಗಳು ಮುಚ್ಚಿರುವುದರಿಂದ ಆವಿ ಹೊರಹೋಗುವುದು ಬಹುಪಾಲು ನಿಲ್ಲುತ್ತದೆ. ಆದರೆ ನೆಲದಲ್ಲಿ ತೇವ ತುಂಬಿದ್ದರೆ ಬೇರು ಸುಮ್ಮನಿರುವುದಿಲ್ಲ, ನೀರನ್ನು ಎಳೆದು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಎಲೆಯ ತುದಿಯ ಸೂಕ್ಷ್ಮ ಬಾಯಿಗಳಿಂದ ನೀರು ಹನಿಯಾಗಿ ಹೊರಬರುತ್ತದೆ. ನೆಲ ಒಣಗಿದ್ದರೆ ಈ ಹನಿ ಕಟ್ಟುವುದಿಲ್ಲ. ತೋಟಕ್ಕೆ ನೀರು ಬೇಕೋ ಬೇಡವೋ ಎಂದು ತಿಳಿಯಲು ಇಷ್ಟು ಸುಲಭದ, ಖರ್ಚಿಲ್ಲದ ಸೂಚನೆ ಇನ್ನೊಂದಿಲ್ಲ. ಆದರೂ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೆಳಗ್ಗೆ ಏಳಕ್ಕೆ ಇದೇ ಹನಿಗಳ ಮೇಲೆ ಪೈಪಿನ ನೀರು ಬೀಳುತ್ತದೆ. ಏಪ್ರಿಲ್‌ನಲ್ಲಿ ಹಿಡಿದ ಪೈಪನ್ನು ಅಕ್ಟೋಬರ್‌ನಲ್ಲೂ ಕೆಳಗಿಟ್ಟಿರುವುದಿಲ್ಲ.

ಕೈತೋಟದ ನೀರನ್ನು ಉಳಿಸುವ ಮಾತು ನಮ್ಮಲ್ಲಿ ಹೊರಡುವುದೇ ಬೇಸಿಗೆಯಲ್ಲಿ. ಸಂಪಿನ ತಳ ಕಾಣಿಸಿದಾಗ, ಟ್ಯಾಂಕರಿನವರು ಫೋನು ಎತ್ತದಿದ್ದಾಗ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. ಆದೇಶ ಸರಿಯಾದದ್ದೇ, ಆದರೆ ಹುಲ್ಲಿನ ಮಟ್ಟಿಗೆ ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ಮಾರ್ಚ್‌ನಲ್ಲಿ ಒಂದು ತೋಟ ಎಷ್ಟು ನೀರು ಕೇಳುತ್ತದೆ ಎನ್ನುವುದು ಅದರ ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ನಿಂತಿದೆ. ಬೇರು ಇಳಿಯುವುದೋ ಮೇಲೇ ಉಳಿಯುವುದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಹಸ್ತಾ ಮಳೆಯಿಂದ ವಿಶಾಖ ಮಳೆಯವರೆಗಿನ ಸುಮಾರು ಎಂಟು ವಾರಗಳಲ್ಲಿ. ನೀರು ಉಳಿಸುವ ನಿಜವಾದ ಕಾಲ ಈ ಶರದೃತುವೇ ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಹುಲ್ಲುಹಾಸು ಎಂದರೆ ಸುಮಾರು 28 ಚದರ ಮೀಟರ್. ಬೆಂಗಳೂರಿನಲ್ಲಿ ಅಕ್ಟೋಬರ್ ತಿಂಗಳ ಸರಾಸರಿ ಮಳೆ 170 ಮಿ.ಮೀ. ಆಸುಪಾಸು, ಸೆಪ್ಟೆಂಬರ್‌ನದು ಅದಕ್ಕೂ ಹೆಚ್ಚು. ಅಂದರೆ ಅಕ್ಟೋಬರ್‌ ಒಂದರಲ್ಲೇ ಈ ಪುಟ್ಟ ಹುಲ್ಲುಹಾಸಿನ ಮೇಲೆ 4,700 ಲೀಟರಿಗೂ ಹೆಚ್ಚು ನೀರು ತಾನಾಗಿ ಬೀಳುತ್ತದೆ. ಇನ್ನು ಖರ್ಚಿನ ಕಡೆ. ಬೆಳೆಗೆ ಎಷ್ಟು ನೀರು ಬೇಕೆಂದು ಲೆಕ್ಕ ಹಾಕಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ವಿಧಾನವನ್ನೇ ಇವತ್ತಿಗೂ ಜಗತ್ತು ಬಳಸುತ್ತದೆ. ಅದರಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿರುವುದು 12 ಸೆಂಟಿಮೀಟರ್ ಎತ್ತರದ ಹುಲ್ಲನ್ನೇ. ಹಾಗಾಗಿ ಹುಲ್ಲುಹಾಸಿನವರಿಗೆ ಈ ಲೆಕ್ಕ ನೇರವಾಗಿ ಒದಗುತ್ತದೆ. ನಮ್ಮ ಗರಿಕೆಯಂಥ ಬಿಸಿಲುನಾಡಿನ ಹುಲ್ಲಿಗೆ ಆ ಅಳತೆಯ ಸುಮಾರು ಹತ್ತರಲ್ಲಿ ಎಂಟು ಪಾಲು ಸಾಕು. ಏಪ್ರಿಲ್‌ನಲ್ಲಿ ದಿನಕ್ಕೆ ಐದು ಮಿ.ಮೀ. ಹತ್ತಿರ ಬೇಡುವ ಹುಲ್ಲು ಅಕ್ಟೋಬರ್, ನವೆಂಬರ್‌ನಲ್ಲಿ ಮೂರರ ಸುತ್ತಮುತ್ತ ಬೇಡುತ್ತದೆ. ಹಗಲು ಕುಗ್ಗಿದೆ, ಮೋಡವಿದೆ, ಗಾಳಿಯಲ್ಲಿ ತೇವವಿದೆ. ಪೈಪಿನಿಂದ ನಿಮಿಷಕ್ಕೆ ಹದಿನೈದು ಲೀಟರಿನಂತೆ ದಿನವೂ ಕಾಲು ಗಂಟೆ ನೀರು ಬಿಟ್ಟರೆ ಅದು 225 ಲೀಟರ್, ಅಂದರೆ ಎಂಟು ಮಿ.ಮೀ. ಹುಲ್ಲಿಗೆ ಬೇಕಾದುದರ ಎರಡೂವರೆ ಪಟ್ಟು, ಅದೂ ಮಳೆ ಬೀಳುವ ತಿಂಗಳಿನಲ್ಲಿ. ತಿಂಗಳಿಗೆ ಏಳು ಸಾವಿರ ಲೀಟರ್, ಒಂದು ಸಣ್ಣ ಟ್ಯಾಂಕರಿಗಿಂತ ಹೆಚ್ಚು. ಕಾವೇರಿಯ ನೀರಾದರೆ ಅದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್‌ನಷ್ಟು ಎತ್ತರ ಹತ್ತಿ ಬಂದದ್ದು.

ನೀರು ದಂಡವಾದುದಕ್ಕಿಂತ ಹೆಚ್ಚಿನ ನಷ್ಟ ಮಣ್ಣಿನೊಳಗೆ ನಡೆಯುತ್ತದೆ. ಮೇಲಿನ ಎರಡು ಇಂಚು ಸದಾ ಒದ್ದೆಯಾಗಿದ್ದರೆ ಬೇರು ಕೆಳಗೆ ಹೋಗಲು ಕಾರಣವೇ ಇಲ್ಲ. ಅದು ನೀರು ಸಿಗುವಲ್ಲೇ ಹೆಣೆದುಕೊಂಡು ಚಾಪೆಯಾಗುತ್ತದೆ. ಮಣ್ಣಿನ ಮೇಲ್ಭಾಗ ಒಣಗಿ, ತೇವ ಕೆಳಗೆ ಸರಿದಾಗಷ್ಟೇ ಬೇರು ಅದರ ಹಿಂದೆ ಹೋಗುತ್ತದೆ. ಅಕ್ಟೋಬರ್, ನವೆಂಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಳದ ಮಣ್ಣು ಮಳೆಯಿಂದ ನೆನೆದಿರುತ್ತದೆ, ಎರಡು ಮಳೆಯ ನಡುವೆ ಮೇಲ್ಮೈ ಒಣಗುತ್ತದೆ, ಬೇರು ಬೆಳೆಯುವಷ್ಟು ಬೆಚ್ಚಗೂ ಇರುತ್ತದೆ. ಡಿಸೆಂಬರ್ ಚಳಿಗೆ ಹುಲ್ಲಿನ ಬೆಳವಣಿಗೆ ಕುಂಠಿತವಾದ ಮೇಲೆ ಈ ಅವಕಾಶ ಮತ್ತೆ ಬರುವುದಿಲ್ಲ. ಎರಡು ಇಂಚಿನ ಬೇರು ಹೊತ್ತು ಬೇಸಿಗೆಗೆ ಕಾಲಿಟ್ಟ ಹುಲ್ಲು ದಿನವೂ ನೀರು ಕೇಳುತ್ತದೆ. ಎಂಟು ಇಂಚು ಇಳಿದದ್ದು ವಾರ ತಡೆಯಬಲ್ಲದು. ಇನ್ನೂ ಒಂದು ಅಪಾಯವಿದೆ. ಈ ಕಾಲದಲ್ಲಿ ಸಂಜೆ ನೀರು ಹಾಕಿದರೆ ಇಬ್ಬನಿಯೂ ಸೇರಿ ಎಲೆ ಹತ್ತು ಹನ್ನೆರಡು ಗಂಟೆ ಒದ್ದೆಯಾಗಿಯೇ ಇರುತ್ತದೆ. ಹುಲ್ಲುಹಾಸಿನಲ್ಲಿ ದುಂಡು ದುಂಡಾಗಿ ಕಂದು ತೇಪೆ ಬೀಳಿಸುವ ಶಿಲೀಂಧ್ರಕ್ಕೆ ಬೇಕಾಗಿರುವುದು ಅಷ್ಟೇ. ಆ ತೇಪೆಯನ್ನು ಕಂಡು ನೀರು ಸಾಲದೆಂದು ಮತ್ತಷ್ಟು ನೀರು ಹಾಯಿಸುವವರಿದ್ದಾರೆ.

ನೆಲದ ತೇವವನ್ನು ನಂಬಿ ಬೆಳೆಯುವುದು ನಮಗೆ ಹೊಸ ವಿದ್ಯೆಯಲ್ಲ. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವನ್ನು ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಾಲದಂಡಿ ಜೋಳ ಆಳೆತ್ತರ ಬೆಳೆದು ತೆನೆ ಕಟ್ಟುವ ಹೊತ್ತಿಗೆ ಆಕಾಶದಿಂದ ಬರುವುದು ಬಹುತೇಕ ಇಬ್ಬನಿ ಮಾತ್ರ. ಉಳಿದದ್ದೆಲ್ಲ ಮಣ್ಣು ಕೂಡಿಟ್ಟ ಹಸಿ. ಆ ಹಸಿಯನ್ನು ಕಾಯಲು ರೈತ ಸಾಲಿನ ನಡುವೆ ಎಡೆ ಹೊಡೆಯುತ್ತಾನೆ. ಮೇಲಿನ ಮಣ್ಣು ಪುಡಿಯಾಗಿ ಹೊದಿಕೆಯಂತೆ ಕೂರುತ್ತದೆ, ಬಿರುಕು ಮುಚ್ಚುತ್ತದೆ, ಕೆಳಗಿನ ತೇವ ಆರಿಹೋಗುವುದು ತಗ್ಗುತ್ತದೆ. ಬೆಂಗಳೂರಿನ ಕೆಂಪು ಮಣ್ಣು ಎರೆಯಷ್ಟು ನೀರು ಹಿಡಿಯದು ಎಂಬ ಮಾತು ನಿಜ. ಆದರೆ ಇಲ್ಲಿನ ಅಕ್ಟೋಬರ್ ಮಳೆಯೂ ವಿಜಯಪುರಕ್ಕಿಂತ ಹೆಚ್ಚು, ಬಿಸಿಲೂ ಕಡಿಮೆ. ಮಿಗಿಲಾಗಿ ನಾವು ತೆನೆ ತೆಗೆಯಬೇಕಿಲ್ಲ, ಹುಲ್ಲು ಬದುಕಿದ್ದರೆ ಸಾಕು. ಗಣೇಶನಿಗೆ ಏರಿಸುವ ಅದೇ ಗರಿಕೆ ರೈತನ ಹೊಲದಲ್ಲಿ ಎಷ್ಟು ಕಿತ್ತರೂ ಸಾಯದ ಕಳೆ. ಅದು ಬಾಡಿ ಹಳದಿಯಾದರೂ ನೆಲದೊಳಗಿನ ಗೆಣ್ಣುಗಳಲ್ಲಿ ಜೀವ ಹಿಡಿದುಕೊಂಡು, ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಹಳದಿ ಬಣ್ಣವನ್ನು ಸಾವೆಂದು ಓದುವುದು ನಮ್ಮ ತಪ್ಪು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಭಾರವಾದದ್ದು ಒಂದಿದೆ. ನಗರದ ಕೊಳವೆಗಳಲ್ಲಿ ಸೋರಿ, ಲೆಕ್ಕಕ್ಕೆ ಸಿಗದೆ ಹೋಗುವ ನೀರಿನ ಮುಂದೆ ಮನೆಯಂಗಳದ ಇನ್ನೂರು ಲೀಟರ್ ಯಾವ ಮಹಾ ಎಂಬುದು. ಸೋರಿಕೆ ದೊಡ್ಡದೆನ್ನುವುದರಲ್ಲಿ ಅನುಮಾನವಿಲ್ಲ, ಅದನ್ನು ಸರಿಪಡಿಸಲು ಒತ್ತಾಯಿಸುತ್ತಲೇ ಇರಬೇಕು. ಆದರೆ ಸೋರುವ ಕೊಳವೆ ಸರಿಯಾಗುವವರೆಗೆ ನಾನೂ ಸುರಿಯುತ್ತೇನೆ ಎನ್ನುವುದು ವಾದವಾಗುವುದಿಲ್ಲ. ಇಲ್ಲಿ ತ್ಯಾಗವನ್ನೂ ಯಾರೂ ಕೇಳುತ್ತಿಲ್ಲ. ಬೇಡದ ನೀರನ್ನು ನಿಲ್ಲಿಸಿದರೆ ತೋಟಕ್ಕೇ ಒಳ್ಳೆಯದು. ನಮ್ಮದು ಸ್ವಂತ ಬೋರ್‌ವೆಲ್ ಎನ್ನುವವರಿಗೆ ಒಂದು ಮಾತು: ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ, ನೀರಿರುವುದು ಅದರ ಬಿರುಕುಗಳಲ್ಲಿ. ಆ ಬಿರುಕು ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ. ಹಾಕಿದ ನೀರು ಮತ್ತೆ ಅಂತರ್ಜಲಕ್ಕೇ ಇಳಿಯುತ್ತದಲ್ಲ ಎಂದರೆ, ಕೊಂಚ ಇಳಿಯುತ್ತದೆ, ಜೊತೆಗೆ ಹುಲ್ಲಿಗೆ ಹಾಕಿದ ಯೂರಿಯಾದ ಸಾರಜನಕವನ್ನೂ ಕೊಂಡೊಯ್ಯುತ್ತದೆ. ಬೋರಿನಿಂದ ಎತ್ತಿ, ಕರೆಂಟು ಸುಟ್ಟು, ಅದರಲ್ಲಿ ಒಂದು ಪಾಲನ್ನು ಕೆಡಿಸಿ ಹಿಂತಿರುಗಿಸುವುದಕ್ಕಿಂತ ಎತ್ತದೆ ಇರುವುದೇ ಮೇಲು.

ಮಳೆಯೇ ಬಾರದಿದ್ದರೆ? ಇದು ನ್ಯಾಯವಾದ ಪ್ರಶ್ನೆ. 2023ರಲ್ಲಿ ಮುಂಗಾರು ಕೈಕೊಟ್ಟು, ಹಿಂಗಾರೂ ಸೊರಗಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದ್ದರಿಂದಲೇ ನಾನು ಪಂಚಾಂಗವನ್ನು ನಂಬಿ ಕೂರಿ ಎನ್ನುತ್ತಿಲ್ಲ, ಮಣ್ಣನ್ನು ಕೇಳಿ ಎನ್ನುತ್ತಿದ್ದೇನೆ. ಉದ್ದನೆಯ ಸ್ಕ್ರೂಡ್ರೈವರನ್ನು ಹುಲ್ಲಿನ ನಡುವೆ ಒತ್ತಿ ನೋಡಿ. ಆರು ಇಂಚು ಸಲೀಸಾಗಿ ಇಳಿದರೆ ನೀರು ಬೇಡ. ಎರಡು ಮೂರು ಇಂಚಿಗೇ ಗಟ್ಟಿಯಾಗಿ ನಿಂತರೆ ಬೇಕು, ಕೆಳಗೆ ಕಲ್ಲಿಲ್ಲದಿದ್ದರೆ. ಸಂಜೆ ಹುಲ್ಲಿನ ಮೇಲೆ ನಡೆದು ಹಿಂತಿರುಗಿ ನೋಡಿದಾಗ ಹೆಜ್ಜೆಯ ಗುರುತು ಏಳದೆ ಹಾಗೇ ಉಳಿದು, ಎಸಳು ಬೂದುನೀಲಿಗೆ ತಿರುಗಿದ್ದರೂ ಬೇಕು. ಹೊಸದಾಗಿ ನೆಟ್ಟ ಹುಲ್ಲಿಗೆ, ಎಳೆಯ ಸಸಿಗೆ ಈ ಮಾತು ಅನ್ವಯಿಸುವುದಿಲ್ಲ, ಅವಕ್ಕೆ ಬೇರೂರುವ ತನಕ ನೀರು ಕೊಡಲೇಬೇಕು. ಕುಂಡದ ಗಿಡಗಳಿಗೆ ಇಳಿಯಲು ಆಳವಿಲ್ಲ, ಮಣ್ಣಿನ ಕುಂಡವಾದರೆ ಗೋಡೆಯಿಂದಲೂ ನೀರು ಆರುತ್ತದೆ. ಅವನ್ನು ದಿನವೂ ಬೆರಳಿಟ್ಟು ನೋಡಬೇಕು. ಹಗಲು ಕುಗ್ಗುತ್ತಿದ್ದಂತೆ ಮೊಗ್ಗು ಬಿಡುವ ಸೇವಂತಿಗೆ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ, ಅದಕ್ಕೂ ಬೆರಳಿನ ಲೆಕ್ಕವೇ ಸರಿ.

ಪೈಪು ಸುತ್ತಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹುಲ್ಲನ್ನು ನೆಲಕ್ಕೆ ಹತ್ತುವಂತೆ ಬೋಳಿಸಬಾರದು. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಿದರೆ ಬೇರಿಗೆ ಊಟ ಕಳಿಸುವ ಎಲೆಯೇ ಇರುವುದಿಲ್ಲ. ಕಾಲ್ತುಳಿತಕ್ಕೆ ಗಟ್ಟಿಯಾದ ಕಡೆ ಕಬ್ಬಿಣದ ಸಲಾಕೆಯಿಂದ ತೂತು ಹೊಡೆದರೆ ಚಿತ್ತಾ ಮಳೆ ರಸ್ತೆಗೆ ಹರಿಯದೆ ಒಳಗೆ ಇಳಿಯುತ್ತದೆ. ಗಿಡಗಳ ಪಾತಿಗೆ ತರಗೆಲೆಯ ಹೊದಿಕೆ ಎಲ್ಲರೂ ಹೇಳುವ ಉಪಾಯ, ಆದರೆ ಅದನ್ನು ಯಾವಾಗ ಹಾಕಬೇಕೆಂದು ಹೇಳುವವರು ಕಡಿಮೆ. ಒಣ ಮಣ್ಣಿನ ಮೇಲೆ ದಪ್ಪಗೆ ಹಾಕಿದರೆ ಸಣ್ಣ ಮಳೆಯನ್ನು ಹೊದಿಕೆಯೇ ಕುಡಿದುಬಿಡುತ್ತದೆ, ಮಣ್ಣಿಗೆ ತಲುಪುವುದಿಲ್ಲ. ಸ್ವಾತಿಯೋ ವಿಶಾಖವೋ ಒಂದು ಜೋರು ಮಳೆ ಬಂದು ನೆಲ ಆಳಕ್ಕೆ ನೆಂದ ಮರುದಿನ, ಮಣ್ಣು ಹದಕ್ಕೆ ಬಂದಾಗ, ಎರಡು ಮೂರು ಇಂಚು ಹರಡಬೇಕು, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಆಮೇಲೆ ಸ್ಕ್ರೂಡ್ರೈವರ್ ಇಳಿಯದಿರುವ ದಿನ ಬರುತ್ತದೆ, ಮಳೆ ಚೆನ್ನಾಗಿ ಆದ ವರ್ಷ ಬಹುಶಃ ಡಿಸೆಂಬರ್ ನಡುವಿನಲ್ಲಿ. ಅಂದು ಪೈಪನ್ನು ಹೊರತೆಗೆದು, ಬೆಳಗಿನ ಜಾವ, ನೀರು ಹರಿದು ಹೋಗದಂತೆ ನಿಲ್ಲಿಸಿ ನಿಲ್ಲಿಸಿ, ಆರು ಇಂಚು ನೆನೆಯುವ ತನಕ ಬಿಡಿ. ಹಾಗೆ ಬಿಟ್ಟ ಮೇಲೆ ಮತ್ತೆ ಸ್ಕ್ರೂಡ್ರೈವರ್ ನಿಲ್ಲುವವರೆಗೆ ನಲ್ಲಿ ತಿರುಗಿಸಬೇಡಿ.