ಜಪಾನೀಯರ ವಸಂತಾರಂಭವೂ ಒಂದು ಪದ್ಯದ ವಿವಾದವೂ

ವಸಂತವು ಎಂದು ಮೊದಲಾಗುವುದೆಂಬ ಪ್ರಶ್ನೆಯು ಪಂಚಾಂಗದವರಿಗೆ ಸೇರಿದುದು, ಕವಿಗೆ ಅದರ ಗೊಡವೆ ಬೇಡ ಎಂದು ಭಾವಿಸುವವರುಂಟು. ಜಪಾನೀಯರ ಸಾಹಿತ್ಯದಲ್ಲಿಯಾದರೋ ಈ ಪ್ರಶ್ನೆಯಿಂದಲೇ ಒಂದು ಮಹಾಸಂಕಲನವು ಆರಂಭವಾಗುತ್ತದೆ. ಕ್ರಿ. ಶ. 905ರ ಸುಮಾರಿನಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಕಿ ನೊ ತ್ಸುರಾಯುಕಿಯೇ ಮೊದಲಾದ ನಾಲ್ವರು ಸಂಗ್ರಹಿಸಿದ ‘ಕೊಕಿನ್‌ಷೂ’ ಗ್ರಂಥದ ಮೊದಲನೆಯ ಪದ್ಯವು ಅರಿವಾರ ನೊ ಮೊತೊಕಾತನದು. ಹಳೆಯ ವರ್ಷವು ಮುಗಿಯುವ ಮುನ್ನವೇ ವಸಂತವು ಬಂದಿರಲು, ಆ ವರ್ಷವನ್ನು ಏನೆಂದು ಕರೆಯಬೇಕೆಂಬ ಸಂದೇಹವೇ ಅದರ ವಸ್ತು.

1898ರಲ್ಲಿ ಮಸಾಓಕಾ ಷಿಕಿಯು ಪತ್ರಿಕೆಯೊಂದರಲ್ಲಿ ಬರೆದ ಲೇಖನಮಾಲೆಯಲ್ಲಿ ಈ ಪದ್ಯವನ್ನು ನಿಷ್ಕರುಣೆಯಿಂದ ಹಳಿದನು. ಇದು ಬರಿಯ ತರ್ಕ, ಇದರಲ್ಲಿ ರಸವಿಲ್ಲ ಎಂಬುದು ಅವನ ಆಕ್ಷೇಪಣೆಯ ತಿರುಳು. ಅದನ್ನು ತೂಗುವ ಮುನ್ನ ಆ ದೇಶದ ಕಾಲಗಣನೆಯನ್ನು ಅರಿಯಬೇಕು.

ಚೀನಾದಿಂದ ಬಂದ ಅವರ ಹಳೆಯ ಪಂಚಾಂಗದಲ್ಲಿ ತಿಂಗಳುಗಳು ಚಾಂದ್ರ, ಋತುಗಳು ಸೌರ. ಸೂರ್ಯನ ಮಾರ್ಗವನ್ನು 24 ಭಾಗಗಳಾಗಿ ವಿಂಗಡಿಸಿ, ಮೊದಲನೆಯದನ್ನು ‘ರಿಶ್ಶುನ್’, ಅಂದರೆ ವಸಂತಾರಂಭ, ಎಂದು ಕರೆದರು. ಅದು ದಕ್ಷಿಣಾಯನಾಂತಕ್ಕೂ ವಸಂತವಿಷುವಕ್ಕೂ ನಡುವೆ, ಸೂರ್ಯನು 315 ಅಂಶಗಳನ್ನು ಮುಟ್ಟುವ ಗಳಿಗೆ. ಈಗಿನ ಲೆಕ್ಕದಲ್ಲಿ ಫೆಬ್ರವರಿ 4ರ ಸುಮಾರು. 2021ರಲ್ಲಿಯೂ 2025ರಲ್ಲಿಯೂ 3ನೆಯ ತಾರೀಖಿಗೆ ಬಿದ್ದಿತು. ಅದರ ಹಿಂದಿನ ದಿನವೇ ‘ಸೆತ್ಸುಬುನ್’. ಅಂದು ಹುರಿದ ಕಾಳನ್ನು ಎರಚಿ ಪಿಶಾಚಗಳನ್ನು ಮನೆಯಿಂದ ಅಟ್ಟುವರು. ಚಹದ ಚಿಗುರನ್ನು ಕೊಯ್ಯುವ 88ನೆಯ ದಿನವನ್ನೂ, ಬಿರುಗಾಳಿಗೆ ಅಂಜುವ 210ನೆಯ ದಿನವನ್ನೂ ರಿಶ್ಶುನ್‌ನಿಂದಲೇ ಎಣಿಸುವರು. ಆದರೆ ವರ್ಷಾರಂಭವು ಚಾಂದ್ರಮಾನದ ಪಾಡ್ಯಕ್ಕೆ ಬರುತ್ತಿದ್ದುದರಿಂದ, ಹೆಚ್ಚುಕಡಮೆ ಅರ್ಧದಷ್ಟು ವರ್ಷಗಳಲ್ಲಿ ವಸಂತವೇ ಮುಂದಾಗಿ ಬರುತ್ತಿತ್ತು. ಅಧಿಕಮಾಸವನ್ನು ಬಲ್ಲ ನಮ್ಮ ವಾಚಕರಿಗೆ ಈ ತೊಡಕು ಹೊಸದಲ್ಲ. ಆದುದರಿಂದ ಮೊತೊಕಾತನ ಸಂದೇಹವು ಕೃತಕವೆನ್ನಲಾಗದು. ಅದು ಮನೆಮನೆಯ ಅನುಭವ.

ಆದರೂ ಷಿಕಿಯ ಮಾತು ಪೂರ್ತಿಯಾಗಿ ಹುರುಳಿಲ್ಲದುದಲ್ಲ. ಮುಕ್ತಕವಾಗಿ ಓದಿದರೆ ಪದ್ಯವು ಒಣಗಿದಂತೆಯೇ ಇದೆ, ಹೂವಿಲ್ಲ, ಹಕ್ಕಿಯಿಲ್ಲ. ಆದರೆ ಕೊಕಿನ್‌ಷೂ ಮುಕ್ತಕಗಳ ರಾಶಿಯಲ್ಲ. ಅದರ ಮೊದಲೆರಡು ಸಂಪುಟಗಳು ವಸಂತದ ನಡೆಯನ್ನೇ ಅನುಸರಿಸಿ ಜೋಡಿಸಲ್ಪಟ್ಟಿವೆ. ಸಂದೇಹದ ಬಳಿಕ ತ್ಸುರಾಯುಕಿಯದೇ ಪದ್ಯ. ಅದರಲ್ಲಿ ಇಂದಿನ ಗಾಳಿಗೆ ಮಂಜುಗಡ್ಡೆ ಕರಗುತ್ತಿರಬಹುದೆಂಬ ಊಹೆ. ಮೂರನೆಯದರಲ್ಲಿ ಯೋಷಿನೋ ಬೆಟ್ಟದ ಮೇಲೆ ಇನ್ನೂ ಹಿಮ. ಚೆರಿಹೂವು ಬಹುದೂರದಲ್ಲಿದೆ. ಎಣಿಕೆಯು ವಸಂತವೆನ್ನುತ್ತದೆ, ಕಣ್ಣು ಚಳಿಗಾಲವೆನ್ನುತ್ತದೆ. ಈ ಎರಡರ ನಡುವಣ ಕಾತರವೇ ಮುಂದಿನ ಪದ್ಯಗಳ ಜೀವಾಳ. ಪ್ರಬಂಧಕ್ಕೂ ವ್ಯಂಜಕತ್ವವುಂಟೆಂದು ಆನಂದವರ್ಧನನು ಒಪ್ಪಿದ್ದಾನಷ್ಟೆ. ಆ ದೃಷ್ಟಿಯಿಂದ ಮೊತೊಕಾತನ ಪದ್ಯವು ಮನೆಯ ಹೊಸ್ತಿಲು. ಹೊಸ್ತಿಲಿನಲ್ಲಿ ಚಿತ್ರಶಾಲೆಯ ಶೋಭೆಯನ್ನು ಹುಡುಕುವುದು ತರವಲ್ಲ.

ಇನ್ನೊಂದು ಮಾತು. 1873ರ ಜನವರಿ 1ರಿಂದ ಜಪಾನಿನ ಸರ್ಕಾರವು ಪಾಶ್ಚಾತ್ಯ ಪಂಚಾಂಗವನ್ನು ಬಳಕೆಗೆ ತಂದಿತು. ಆಗ ಷಿಕಿಯು ಐದು ವರ್ಷದ ಬಾಲಕ. ಅಂದಿನಿಂದ ವರ್ಷಾರಂಭವು ರಿಶ್ಶುನ್‌ಗಿಂತ ಒಂದು ತಿಂಗಳು ಮೊದಲೇ ಬರುವುದು ನಿಶ್ಚಿತವಾಯಿತು. ಮೊತೊಕಾತನ ತೊಡಕೂ ಬಾಳಿನಿಂದ ಮಾಯವಾಯಿತು. ತೊಡಕನ್ನು ಬಾಳಿ ಅರಿಯದ ತಲೆಮಾರಿಗೆ ಅದನ್ನು ಕುರಿತ ಪದ್ಯವು ನೀರಸವಾಗಿ ತೋರಿದ್ದರೆ ಸೋಜಿಗವಿಲ್ಲ. ಆದರೆ ಬಳಕೆ ತಪ್ಪಿದುದು ಕವಿಯ ದೋಷವಾಗಲಾರದು. ಹಳೆಯ ಎಣಿಕೆಯ ನೆನಪಾದರೂ ಅಳಿಯಲಿಲ್ಲ. ಕೊರೆಯುವ ಚಳಿಯಲ್ಲಿ ಕಳುಹಿಸುವ ಹೊಸವರ್ಷದ ಕಾಗದಗಳ ಮೇಲೆ ವಸಂತಕ್ಕೆ ಸ್ವಾಗತವೆಂಬ ಅಕ್ಷರಗಳು ಇಂದಿಗೂ ಕಾಣುತ್ತವೆ. ಹೈಕುವಿನ ಋತುಕೋಶಗಳು ವಸಂತವನ್ನು ರಿಶ್ಶುನ್‌ನಿಂದಲೇ ತೊಡಗಿಸುತ್ತವೆ. ಪೂರ್ವಿಕರ ಹೈಕುಗಳನ್ನು ಋತುಗಳಿಗನುಸಾರವಾಗಿ ವಿಂಗಡಿಸಲು ವರ್ಷಗಟ್ಟಲೆ ಶ್ರಮಿಸಿದವನು ಷಿಕಿಯೇ ಎಂಬುದನ್ನೂ ಇಲ್ಲಿ ನೆನೆಯಬೇಕು.

ಮೊತೊಕಾತನ ಪದ್ಯವು ಉತ್ತಮಕಾವ್ಯವೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ಅದನ್ನು ಅದರ ಸ್ಥಾನದಿಂದ ಕಿತ್ತು ತೂಗಿದುದರಲ್ಲಿ ಷಿಕಿಯು ಎಡವಿದನು. ಸಂಕಲನಕಾರರು ಅದನ್ನು ಮೊದಲಿಗಿಟ್ಟುದು ಅದರ ಸೊಬಗಿಗಾಗಿ ಅಲ್ಲ, ಔಚಿತ್ಯಕ್ಕಾಗಿ ಎಂದೇ ಸಹೃದಯರು ತಿಳಿಯತಕ್ಕದ್ದು.