ಕ್ಯಾಸಲ್‌ರಾಕ್ ಕಾಡಿನ ದನಿ ಮತ್ತು ನಮ್ಮ ಗೂಢಚಾರರು

ಬೆಳಗಾವಿಯಲ್ಲಿ ಪತ್ತೇದಾರಿ ಕಾದಂಬರಿ ಕೊಂಡು ಬಸ್ಸು ಖಾನಾಪುರ ಮುಟ್ಟುವಷ್ಟರಲ್ಲಿ ಅರ್ಧ ಮುಗಿಸುತ್ತಿದ್ದವರಲ್ಲಿ ನಾವೂ ಇದ್ದೆವು. ಆ ರುಚಿಯನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಷ್ಟೋ ಮಂದಿಗೆ ಓದಿನ ಹುಚ್ಚು ಹಿಡಿಸಿದವನು. ತೆರೆಯ ಮೇಲೆ ಅಂಥದೇ ಹುಚ್ಚು ಹಿಡಿಸಿದ್ದು ರಾಜ್‌ಕುಮಾರ್ ಅವರ ಸಿ.ಐ.ಡಿ. 999. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ'ಯನ್ನೂ ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರವನ್ನೂ ತಂದಿತು.

ಆಗ ಗೋವಾ ವಿಮೋಚನೆಗೊಂಡು ಏಳು ವರ್ಷವೂ ತುಂಬಿರಲಿಲ್ಲ. ಆದರೆ ಆ ಚಿತ್ರದಿಂದ ನಮ್ಮ ನೆನಪಿನಲ್ಲಿ ಉಳಿದ ಗೋವಾ ಸೂಟುಬೂಟು, ಪಿಸ್ತೂಲುಗಳ ಊರು ಮಾತ್ರ. ನಿಜವಾದ ರೋಚಕತೆ ನಮ್ಮ ಮಗ್ಗುಲಲ್ಲೇ ಇತ್ತು.

ಖಾನಾಪುರ ದಾಟಿ ಲೋಂಡಾದಲ್ಲಿ ಗೋವಾದತ್ತ ಹೊರಳುವ ರೈಲು ಕ್ಯಾಸಲ್‌ರಾಕ್ ಎಂಬ ಪುಟ್ಟ ನಿಲ್ದಾಣ ಮುಟ್ಟುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗಡಿ ಅಲ್ಲೇ. 1955ರ ನವೆಂಬರ್‌ನಲ್ಲಿ ಅಂಬೋಲಿ ಕಾಡಿನಲ್ಲಿ ಶುರುವಾಗಿ ಆಮೇಲೆ ಕ್ಯಾಸಲ್‌ರಾಕ್‌ಗೆ ಬಂದ ಗುಪ್ತ ಬಾನುಲಿಯನ್ನು ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಆರು ವರ್ಷ ನಡೆಸಿದರು. ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಸುದ್ದಿ. ಮಳೆ, ಜಿಗಣೆ, ಒಂಟಿತನ. ಇಲ್ಲಿ ಗುಂಡಿನ ಸದ್ದಿಲ್ಲ, ಕಾಯುವುದೇ ಕೆಲಸ. 1961ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಸೇನೆ ಜಮಾಯಿಸಿದಾಗ, ಶರಣಾಗಿರೆಂಬ ಕರೆ ಹೋದದ್ದೂ ಈ ಬಾನುಲಿಯಿಂದಲೇ. ಕೊನೆಯವರೆಗೂ ಕಾದಾಡಬೇಕೆಂಬ ಸಲಜಾರನ ಆಜ್ಞೆ ಮೀರಿ ಗವರ್ನರ್ ಜನರಲ್ 19ರಂದು ಶರಣಾದ. ವಿಮಾನದಲ್ಲಿ ಹಾರುತ್ತಾ, ಧ್ವನಿವರ್ಧಕದಲ್ಲಿ ಬಿಡುಗಡೆಯ ಸುದ್ದಿ ಸಾರಿದವರು ಇದೇ ಇಬ್ಬರು. ಲಿಬಿಯಾ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ!

ರೋಚಕ ಕಥೆಯ ಜೀವ ಓಟದಲ್ಲಿಲ್ಲ, ಸಿಕ್ಕಿಬೀಳುವ ಭಯದಲ್ಲಿದೆ ಎಂಬುದನ್ನು ಮೇಘನಾ ಗುಲ್ಜಾರ್ ಅವರ 'ರಾಝಿ' (2018) ಬಲ್ಲದು. 1971ರ ಯುದ್ಧಕ್ಕೆ ಮುನ್ನ ಪಾಕಿಸ್ತಾನದ ಸೇನಾಧಿಕಾರಿಯ ಮನೆಗೆ ಸೊಸೆಯಾಗಿ ಹೋಗುವ ಕಾಶ್ಮೀರದ ಹುಡುಗಿಯ ಕಥೆ ಅದು. ಆಕೆ ಕೊಲ್ಲಬೇಕಾದವರು ರಾಕ್ಷಸರಲ್ಲ, ಒಂದೇ ಸೂರಿನಡಿ ಬಾಳಿದವರು. ಗೆದ್ದ ಮೇಲೂ ಆಕೆ ನುಚ್ಚುನೂರಾಗಿರುತ್ತಾಳೆ. ಶತ್ರುವಿಗೂ ಮುಖವಿದೆ ಎಂದು ಒಪ್ಪಿದ್ದರಿಂದಲೇ ಆ ಚಿತ್ರ ನಮ್ಮನ್ನು ಕುರ್ಚಿಯ ಅಂಚಿಗೆ ತಂದು ಕೂರಿಸುತ್ತದೆ.

'ಜೇಡರ ಬಲೆ'ಯಲ್ಲಿ ಜಗಳ ಚಿನ್ನ ತಯಾರಿಸುವ ಸೂತ್ರಕ್ಕಾಗಿ. ಅಲ್ಲಿ ಖಳನ ಧರ್ಮ ದುರಾಸೆ. ಬಾಲಿಶವೆನ್ನಿ, ಆದರೆ ಸಿನಿಮಾ ಬಿಟ್ಟ ಮೇಲೆ ಯಾರೂ ನೆರೆಯವನನ್ನು ಅನುಮಾನಿಸುತ್ತಿರಲಿಲ್ಲ. ಭಯೋತ್ಪಾದನೆ ಕಥಾವಸ್ತುವಾದ ಮೇಲೆ ಲೆಕ್ಕ ಬದಲಾಯಿತು. 'ಸರ್ಫರೋಶ್' (1999) ಕುರಿತು ನಮಗೆ ಎರಡು ಮನಸ್ಸು. ಗಡಿಯಾಚೆಯಿಂದ ಬಂದ ಗಜಲ್ ಗಾಯಕನೇ ಅಲ್ಲಿ ಸಂಚುಕೋರ. ಆದರೆ ತನ್ನನ್ನು ನಂಬದ ಇಲಾಖೆಯಿಂದ ನೊಂದ ಇನ್ಸ್‌ಪೆಕ್ಟರ್ ಸಲೀಂನ ಅಳಲನ್ನೂ ಅದು ಕೇಳಿಸಿಕೊಂಡಿತು. ಆಮೇಲಿನ ಹಲವು ಚಿತ್ರಗಳು ಗಾಯಕನನ್ನು ಇಟ್ಟುಕೊಂಡು ಸಲೀಂನನ್ನು ಕೈಬಿಟ್ಟವು. ಗಡ್ಡ, ಟೊಪ್ಪಿ, ಹಿನ್ನೆಲೆಯಲ್ಲಿ ಅಝಾನ್: ಇಷ್ಟಾದರೆ ಖಳನ ಪರಿಚಯ ಮುಗಿಯಿತು. ಇದು ಅನ್ಯಾಯ ಮಾತ್ರವಲ್ಲ, ಕಲೆಯ ದೃಷ್ಟಿಯಿಂದ ಸೋಮಾರಿತನ ಕೂಡ. ಮೊದಲ ದೃಶ್ಯದಲ್ಲೇ ಅಪರಾಧಿ ಯಾರೆಂದು ಉಡುಪು ಹೇಳಿಬಿಟ್ಟರೆ ಮೂರು ಗಂಟೆ ಕೂತು ಕಾಯುವುದಾದರೂ ಏನನ್ನು?

ಇಂಥದೊಂದು ಚಿತ್ರ ನೋಡಿ ಬೆಳಗಾವಿಯಿಂದ ರಾತ್ರಿಯ ಬಸ್ಸು ಹತ್ತಿದ್ದೆವು. ಗಡ್ಡ ಬಿಟ್ಟ ನಮ್ಮ ಗೆಳೆಯರ ಕೈಚೀಲದ ಮೇಲೆ ಎದುರು ಸೀಟಿನವರ ಕಣ್ಣು ಮತ್ತೆ ಮತ್ತೆ ಬೀಳುತ್ತಿತ್ತು. ಅವರೂ ಅದೇ ಚಿತ್ರ ನೋಡಿ ಬಂದವರು. ಗೆಳೆಯರು ಏನೂ ಅನ್ನಲಿಲ್ಲ, ಚೀಲದ ಬಾಯಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಒಳಗಿದ್ದದ್ದು ಮಕ್ಕಳಿಗೆಂದು ಕೊಂಡ ಅರ್ಧ ಕಿಲೋ ಕುಂದಾ. ಖಾನಾಪುರ ಬರುವವರೆಗೂ ಅದು ಹಾಗೇ ತೆರೆದಿತ್ತು.